ಹಟ್ಟಿಯೂ ಮಹಡಿಯೂ

ಮಂಗಳೂರಿನಲ್ಲಿ ಹೊಸ ಮನೆಯನ್ನು ಹೊಗುವವರಿಗೆ ಇಂದು ಎಲ್ಲಕ್ಕಿಂತ ದುರ್ಲಭವಾದ ವಸ್ತು ಒಂದು ದನ. ಬಾಗಿಲಿಗೆ ಮಾವಿನ ತೋರಣ ಕಟ್ಟಿಯಾಗಿದೆ, ಪುರೋಹಿತರು ಬಂದಿದ್ದಾರೆ, ಹಾಲು ಉಕ್ಕಿಸುವ ಪಾತ್ರೆ ಒಲೆಯ ಬಳಿ ಸಿದ್ಧವಾಗಿದೆ. ಆದರೆ ಕರುವಿನೊಡನೆ ದನವೊಂದು ಹೊಸ್ತಿಲು ತುಳಿಯದೆ ಗೃಹಪ್ರವೇಶವು ಪೂರ್ಣವಾಗದೆಂದು ನಂಬುವವರು ಅನೇಕರಿದ್ದಾರೆ. ಹಿಂದೆ ಇದು ಕಷ್ಟದ ಮಾತಾಗಿರಲಿಲ್ಲ. ಹಿತ್ತಿಲುಳ್ಳ ಮನೆಗಳಲ್ಲೆಲ್ಲ ಒಂದು ಹಟ್ಟಿ ಇದ್ದೇ ಇರುತ್ತಿತ್ತು. ಈಗ ದನವುಳ್ಳ ಮನೆ ಎಲ್ಲಿದೆಯೆಂದು ವಿಚಾರಿಸಬೇಕು. ಅಲ್ಲಿಗೆ ಹೋಗಿ ವಿನಯದಿಂದ ಕೇಳಬೇಕು. ಜನರನ್ನು ಕಂಡು ಬೆದರದ, ಹಾಯದ ದನವನ್ನೇ ಆರಿಸಿ ತರಬೇಕು.

ಮಹಡಿಮನೆಗಳಲ್ಲಿ ಇನ್ನೊಂದು ತೊಡಕುಂಟು. ಏಳನೆಯ ಅಂತಸ್ತಿನ ಮನೆಗೆ ದನವನ್ನು ಏರಿಸುವ ಬಗೆ ಹೇಗೆ? ಲಿಫ್ಟಿನಲ್ಲಿ ನಿಲ್ಲಲು ದನವೂ ಒಪ್ಪದು, ಲಿಫ್ಟಿನ ಕಾವಲಿನವನೂ ಒಪ್ಪನು. ಆದುದರಿಂದ ಕೆಳಗೆ, ಕಾರುಗಳನ್ನು ನಿಲ್ಲಿಸುವ ಅಂಗಳದಲ್ಲಿಯೇ ರಂಗೋಲಿ ಬರೆದು, ದನದ ಹಣೆಗೆ ಕುಂಕುಮವಿಟ್ಟು, ಬಾಳೆಹಣ್ಣು ತಿನ್ನಿಸಿ ಕಳುಹಿಸಿಬಿಡುವುದು ವಾಡಿಕೆಯಾಗಿದೆ. ಆ ಹೊತ್ತಿನಲ್ಲಿ ದನವು ಸೆಗಣಿ ಹಾಕಿದರಂತೂ ಮನೆಯವರ ಸಂತೋಷಕ್ಕೆ ಪಾರವಿಲ್ಲ. ಅದಕ್ಕಿಂತ ದೊಡ್ಡ ಶಕುನ ಬೇರೇನಿದೆ! ಅದೇ ದನದ ಅದೇ ಸೆಗಣಿಯು ಆರು ತಿಂಗಳು ಕಳೆಯುವುದರೊಳಗೆ ಅದೇ ಮನೆಯವರ ದೂರಿನ ಅರ್ಜಿಯಲ್ಲಿ ಒಂದನೆಯ ಅಂಶವಾಗಿ ಕಾಣಿಸಿಕೊಳ್ಳುವುದೂ ಉಂಟು.

ನಗರದ ಅಂಚಿನ ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಮನೆಯಲ್ಲಿ ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆ ಮನೆ ದೇರೆಬೈಲಿನ ಕಡೆ ಇದೆಯೆಂದು ಓದುವವರು ಕಲ್ಪಿಸಿಕೊಳ್ಳಬಹುದು. ಕುಲಶೇಖರದ ಕಡೆ ಎಂದುಕೊಂಡರೂ ಬಾಧಕವಿಲ್ಲ. ಅರ್ಧ ಎಕರೆ ಗದ್ದೆ, ಅದರ ಅಂಚಿನಲ್ಲಿ ಹದಿನೈದು ತೆಂಗಿನ ಮರಗಳು, ಹಂಚಿನ ಮನೆ, ಮನೆಯ ಹಿಂದೆ ಹಟ್ಟಿ, ಹಟ್ಟಿಯಲ್ಲಿ ಮೂರು ಕರೆಯುವ ದನಗಳು. ಯಜಮಾನರಿಗೆ ಎಪ್ಪತ್ತು ದಾಟಿದೆ. ನೆರೆಯ ಮಕ್ಕಳಿಗೆಲ್ಲ ಅವರು ‘ಅಜ್ಜ’. ಅವರ ಗದ್ದೆಗೆ ತಾಗಿ ಇದ್ದ ಇನ್ನೊಬ್ಬರ ಗದ್ದೆಯು ಮಾರಾಟವಾಗಿ, ಲಾರಿಗಟ್ಟಲೆ ಕೆಂಪುಮಣ್ಣು ಅದರಲ್ಲಿ ಬಿದ್ದು, ಎರಡು ವರ್ಷಗಳಲ್ಲಿ ಎಂಟು ಅಂತಸ್ತಿನ ಕಟ್ಟಡ ಎದ್ದಿತು. ಅದನ್ನು ಕಟ್ಟಿದವರು ಅಚ್ಚು ಹಾಕಿಸಿದ ಜಾಹೀರಾತಿನಲ್ಲಿ ಬಾಲ್ಕನಿಯ ಮುಂದೆ ಹರಡಿದ ಹಚ್ಚನೆಯ ಗದ್ದೆಯ ಚಿತ್ರವಿತ್ತು. ಅದು ಅಜ್ಜನ ಗದ್ದೆ. ಆ ಕಡೆಗೆ ಮುಖಮಾಡಿದ ಮನೆಗಳಿಗೆ ಬೆಲೆ ಕೊಂಚ ಹೆಚ್ಚು. ಹೀಗೆ ಕಣ್ಣಿನ ಸುಖಕ್ಕೆ ಬೆಲೆ ಕಟ್ಟಿದ್ದರು. ಮೂಗಿನ ವಿಷಯವನ್ನು ಆ ಕಾಗದದಲ್ಲಿ ಯಾರೂ ಬರೆದಿರಲಿಲ್ಲ.

ಮೊದಲ ಮಳೆಗಾಲ ಕಳೆಯುವುದರೊಳಗೆ ಅರ್ಜಿ ಹೋಯಿತು. ನಗರಪಾಲಿಕೆಗೆ ಸಲ್ಲಿಸಿದ ಅದರ ಪ್ರತಿಯೊಂದು ಅಜ್ಜನ ಕೈಗೂ ಬಂತು. ಹಟ್ಟಿಯ ದುರ್ನಾತದಿಂದ ಕಿಟಕಿ ತೆರೆಯಲಾಗುವುದಿಲ್ಲ. ಗೊಬ್ಬರದ ಗುಂಡಿಯಿಂದ ನೊಣಗಳು ಬರುತ್ತವೆ. ಬೆಳಗಿನ ಜಾವ ನಾಲ್ಕು ಗಂಟೆಗೇ ದನಗಳು ಕೂಗುತ್ತವೆ, ಬಕೆಟ್ಟುಗಳ ಸದ್ದು ಆಗುತ್ತದೆ. ಹುಂಜವೊಂದು ಹೊತ್ತುಗೊತ್ತಿಲ್ಲದೆ ಕೂಗುತ್ತದೆ. ಆದುದರಿಂದ ಈ ಉಪದ್ರವವನ್ನು ಕೂಡಲೇ ನಿವಾರಿಸಬೇಕು. ಅಜ್ಜ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು. “ಹುಂಜನಿಗೆ ನಾನು ಹೇಳಬಹುದು. ಅದು ಕೇಳಬೇಕಲ್ಲ ಮಾರಾಯ್ರೇ” ಎಂದು ತುಳುವಿನಲ್ಲಿ ಹೇಳಿ ನಕ್ಕರು. ನಕ್ಕರಾದರೂ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ಅರ್ಜಿ ಬರೆದಾಕೆಯನ್ನು ದುಷ್ಟಳೆಂದು ತಿಳಿದರೆ ತಪ್ಪಾಗುತ್ತದೆ. ಆಕೆಯ ಗಂಡ ಬ್ಯಾಂಕಿನ ನೌಕರ. ಇಪ್ಪತ್ತು ವರ್ಷಗಳ ಸಾಲ ತೆಗೆದು ಆ ಮನೆಯನ್ನು ಕೊಂಡವರು. ಮಗುವಿಗೆ ಉಬ್ಬಸವಿತ್ತು. ಗೊಬ್ಬರದ ಗುಂಡಿಯನ್ನು ಬಗೆದ ದಿನ ಮಗು ರಾತ್ರಿಯಿಡೀ ಕೆಮ್ಮಿತು. ನೊಣಗಳೂ ಸುಳ್ಳಲ್ಲ, ನಾತವೂ ಸುಳ್ಳಲ್ಲ. ಮಲೇರಿಯಕ್ಕೂ ಡೆಂಗಿಗೂ ಹೆದರುವುದನ್ನು ಕಲಿತ ಊರಿನಲ್ಲಿ ನಿಂತ ನೀರನ್ನು ಕಂಡು ತಾಯಿಯೊಬ್ಬಳು ಅಂಜುವುದು ಸಹಜವೇ. ಇಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗಿದ್ದರೆ ತೀರ್ಪು ಸುಲಭವಾಗುತ್ತಿತ್ತು.

ಈ ಜಗಳದ ಬೇರು ಊರಿನ ಹೆಸರುಗಳಲ್ಲಿಯೇ ಇದೆ. ದೇರೆಬೈಲು, ಕೊಡಿಯಾಲಬೈಲು ಎಂಬ ಹೆಸರುಗಳನ್ನು ಬಸ್ಸಿನ ನಿರ್ವಾಹಕರು ದಿನಕ್ಕೆ ನೂರು ಸಲ ಕೂಗುತ್ತಾರೆ. ಇಳಿಯುವವರು ‘ಬೈಲು’ ಎಂದರೇನೆಂದು ಯೋಚಿಸುವುದಿಲ್ಲ. ತುಳುನಾಡಿನ ರೈತರು ತಮ್ಮ ಗದ್ದೆಗಳನ್ನು ನೀರಿನ ಇರವನ್ನು ನೋಡಿ ಮೂರು ಬಗೆಯಾಗಿ ವಿಂಗಡಿಸಿದ್ದರು. ಎತ್ತರದಲ್ಲಿದ್ದು ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವುದು ಬೆಟ್ಟು, ನಡುವಿನದು ಮಜಲು, ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ತೆಗೆಯಬಲ್ಲ ಭೂಮಿ ಬೈಲಿನಲ್ಲಿರುತ್ತಿತ್ತು. ಅಂದರೆ ಊರಿನ ಅತ್ಯುತ್ತಮವಾದ ಭೂಮಿಯೇ ಅದು. ಮಂಗಳೂರಿಗೆ ಪುರಸಭೆ ಬಂದುದು ೧೮೬೬ರಲ್ಲಿ, ನಗರಪಾಲಿಕೆಯಾದುದು ೧೯೮೦ರಲ್ಲಿ. ಬೈಲುಗಳು ಅವೆರಡಕ್ಕಿಂತಲೂ ಹಿರಿಯವು. ನಗರವು ಬೆಳೆಬೆಳೆಯುತ್ತ ಗುಡ್ಡಗಳಿಂದ ಕೆಳಗಿಳಿದು ಅವುಗಳನ್ನು ಒಂದೊಂದಾಗಿ ಆವರಿಸಿತು. ಹಟ್ಟಿಯು ನಗರಕ್ಕೆ ಬಂದುದಲ್ಲ, ನಗರವೇ ಹಟ್ಟಿಯ ಬಳಿಗೆ ಬಂದುದು.

ಅಜ್ಜನ ತಂದೆ ಆ ಗದ್ದೆಯ ಒಡೆಯರಾಗಿರಲಿಲ್ಲ, ಚಾಲಗೇಣಿಯ ಒಕ್ಕಲಾಗಿದ್ದರು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನು ಧಣಿಯ ಮನಸ್ಸಿದ್ದಷ್ಟು ಕಾಲ ಉಳಬೇಕು, ಮನಸ್ಸು ಮುರಿದರೆ ಬಿಟ್ಟು ಹೋಗಬೇಕು. ಫಸಲು ಒಳ್ಳೆಯದಾದರೂ ಗೇಣಿ ಅಳೆದು ಕೊಟ್ಟ ಮೇಲೆ ಮನೆಗೆ ಉಳಿಯುವುದು ಅಲ್ಪ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಪದ್ಧತಿಯನ್ನು ಕಿತ್ತುಹಾಕಿತು. ದಕ್ಷಿಣ ಕನ್ನಡದಲ್ಲಿ ಆ ಕಾಲವನ್ನು ಕಂಡ ಮುದುಕರು ಇಂದಿಗೂ ‘ಡಿಕ್ಲರೇಶನ್ ಕೊಟ್ಟ ವರ್ಷ’ ಎಂದೇ ಲೆಕ್ಕ ಹೇಳುತ್ತಾರೆ. ಒಕ್ಕಲುಗಳು ಭೂನ್ಯಾಯಮಂಡಳಿಯ ಮುಂದೆ ಅರ್ಜಿಯಿಟ್ಟು, ಸಾಕ್ಷಿ ನುಡಿದು, ತಾವು ಉಳುತ್ತಿದ್ದ ನೆಲಕ್ಕೆ ತಾವೇ ಒಡೆಯರಾದರು. ಅಜ್ಜ ಆಗ ಇಪ್ಪತ್ತರ ಆಸುಪಾಸಿನ ಯುವಕ. ಆದೇಶದ ಕಾಗದ ಕೈಗೆ ಬಂದ ದಿನ ಅವರ ತಂದೆ ಅದನ್ನು ಓದಲು ಬಾರದೆ, ಗದ್ದೆಯ ಹುಣಿಯ ಮೇಲೆ ಕುಳಿತು, ಮಗನ ಬಾಯಿಂದ ಮೂರು ಸಲ ಓದಿಸಿ ಕೇಳಿದ್ದರಂತೆ.

ಆ ಕಾಗದವು ಉಳುವವನಿಗೆ ಭೂಮಿಯನ್ನು ಕೊಟ್ಟಿತು. ಆದರೆ ಉಳುವುದೆಂಬ ಕೆಲಸಕ್ಕೆ ಅಂಟಿಕೊಂಡಿರುವ ಸದ್ದು, ಧೂಳು, ನಾತಗಳಿಗೆ ಅದರಲ್ಲಿ ಯಾವ ರಕ್ಷಣೆಯೂ ಇರಲಿಲ್ಲ. ಇರಬೇಕೆಂದು ಆಗ ಯಾರಿಗೆ ತೋರಬೇಕು? ಸುತ್ತಲೂ ಉಳುವವರೇ ಇದ್ದರು. ಎಲ್ಲರ ಮನೆಯ ಹಿಂದೆಯೂ ಅದೇ ನಾತವಿತ್ತು.

ಹಟ್ಟಿ ಎಂಬುದು ದನ ಕಟ್ಟುವ ಜಾಗ ಮಾತ್ರವಲ್ಲ, ಅದು ಗೊಬ್ಬರದ ಕಾರ್ಖಾನೆಯೂ ಹೌದು. ಹಳೆಯ ಕ್ರಮದಲ್ಲಿ ಗುಡ್ಡದಿಂದ ಸೊಪ್ಪನ್ನೂ ತರಗೆಲೆಯನ್ನೂ ತಂದು ದನಗಳ ಕಾಲಡಿಗೆ ಹಾಸುತ್ತಿದ್ದರು. ದನಗಳು ತುಳಿದು, ಸೆಗಣಿ ಗಂಜಲಗಳು ಬೆರೆತು, ಅದರ ಮೇಲೆ ಮತ್ತೆ ಸೊಪ್ಪು ಬಿದ್ದು, ಹಾಸು ಪದರಪದರವಾಗಿ ಏರುತ್ತಿತ್ತು. ಕೆಲವು ತಿಂಗಳು ಕಳೆದ ಮೇಲೆ ಅದನ್ನು ಬಗೆದು, ಬುಟ್ಟಿಗಳಲ್ಲಿ ಹೊತ್ತು ಗದ್ದೆಗೆ ಹಾಕುವರು. ಲ್ಯಾಟರೈಟಿನ ಕೆಂಪು ನೆಲ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆ. ಆ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದು ಕಡಲಿಗೆ ಒಯ್ಯುತ್ತದೆ. ಕಳೆದುಹೋದುದನ್ನು ವರ್ಷವರ್ಷವೂ ಹಟ್ಟಿಯೇ ತುಂಬಿಕೊಡಬೇಕು. ಅಜ್ಜ ಈಗ ಹಟ್ಟಿಗೆ ಸಿಮೆಂಟು ಹಾಕಿಸಿದ್ದಾರೆ, ದಿನಕ್ಕೆರಡು ಸಲ ತೊಳೆಯುತ್ತಾರೆ. ಹಾಲು ಸಹಕಾರ ಸಂಘಕ್ಕೆ ಹೋಗುತ್ತದೆ. ಆದರೂ ಸೆಗಣಿಯು ಎಲ್ಲಿಯಾದರೂ ಕೂಡಲೇಬೇಕಷ್ಟೆ. ಕೂಡಿದುದು ಕೊಳೆಯಬೇಕು, ಕೊಳೆತಾಗ ನಾತ ಬರಬೇಕು. ಮಳೆ ಬಿಟ್ಟು ಬಿಸಿಲು ಹೊಳೆದ ದಿನ ಅದು ಎಲ್ಲ ದಿನಗಳಿಗಿಂತಲೂ ಹೆಚ್ಚು.

ಇದರಲ್ಲಿ ವಿನೋದವೂ ಇಲ್ಲದಿಲ್ಲ. ಅದೇ ಕಟ್ಟಡದ ತಾರಸಿಯಲ್ಲಿ ಕೆಲವರು ಕುಂಡಗಳಲ್ಲಿ ಬದನೆ, ಬೆಂಡೆ, ಹರಿವೆ ಬೆಳೆಸುತ್ತಾರೆ. ಅವುಗಳಿಗಾಗಿ ಹಟ್ಟಿಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಾರುವ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಕೊಂಡು, ಲಿಫ್ಟಿನಲ್ಲಿ ಮೇಲಕ್ಕೆ ಏರಿಸುತ್ತಾರೆ. ಲಿಫ್ಟನ್ನೇರಲಾಗದ ದನದ ಗೊಬ್ಬರ ಮಾತ್ರ ಹೀಗೆ ಎಂಟನೆಯ ಅಂತಸ್ತನ್ನು ಮುಟ್ಟಿತು. ಸೆಪ್ಟೆಂಬರ್ ೮ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಗಳಲ್ಲಿ ಹೊಸ ತೆನೆ ಬೇಕು. ಹಿಂದೂಗಳ ಮನೆಗಳಲ್ಲಿ ಕೊರಲು ಕಟ್ಟಲು ಅದೇ ತೆನೆ ಬೇಕು. ಬೇಕಾದವರೆಲ್ಲ ಅಜ್ಜನ ಗದ್ದೆಯ ಬದಿಗೆ ಬಂದು ನಿಲ್ಲುತ್ತಾರೆ. ತೆನೆಯು ಎಲ್ಲರಿಗೂ ಪವಿತ್ರ. ಅದನ್ನು ಬೆಳೆಸಿದ ಗೊಬ್ಬರದ ಗುಂಡಿ ಮಾತ್ರ ಒಬ್ಬರದು.

ಇನ್ನು ಕಾನೂನಿನ ಮಾತು. ನಗರಪಾಲಿಕೆಗಳಿಗೆ ಸಂಬಂಧಿಸಿದ ೧೯೭೬ರ ಕರ್ನಾಟಕದ ಅಧಿನಿಯಮದಂತೆ, ಸಾಕಿದ ಪ್ರಾಣಿಗಳು ನೆರೆಯವರಿಗೆ ಉಪದ್ರವವಾಗದಂತೆ ನೋಡಿಕೊಳ್ಳಬೇಕಾದುದು ಒಡೆಯನ ಹೊಣೆ. ಇದಲ್ಲದೆ, ಸಾರ್ವಜನಿಕ ಉಪದ್ರವವನ್ನು ತೆಗೆಸಿಹಾಕುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಉಂಟು. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ೧೩೩ನೆಯ ಪ್ರಕರಣವಾಗಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೫೨ನೆಯದಾಗಿದೆ. ಹೆಸರು ಬದಲಾದರೂ ತಿರುಳು ಅದೇ. ಒಂದು ಕೆಲಸದಿಂದ ಯಾರಿಗೋ ಒಂದಿಷ್ಟು ಅನುಕೂಲವಾಗುತ್ತದೆ ಎಂಬ ಕಾರಣಕ್ಕೆ ಆ ಉಪದ್ರವವು ಕ್ಷಮ್ಯವಾಗದೆಂದು ದಂಡ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹಾಲು ಎಲ್ಲರಿಗೂ ಬೇಕೆಂಬ ವಾದ ಅಲ್ಲಿ ನಡೆಯದು.

“ಮೊದಲು ಬಂದವನು ನಾನಲ್ಲವೆ?” ಎಂದು ಅಜ್ಜ ಕೇಳುತ್ತಾರೆ. ಯಾರಾದರೂ ಕೇಳುವ ಪ್ರಶ್ನೆಯೇ. ಇಂಗ್ಲೆಂಡಿನಲ್ಲಿ ೧೮೩೮ರಲ್ಲಿ ಕೊಬ್ಬನ್ನು ಕಾಯಿಸಿ ಮೇಣದಬತ್ತಿ ಮಾಡುವವನೊಬ್ಬನು ಇದನ್ನೇ ಕೇಳಿದ್ದನು. ನೆರೆಯವನು ಬರುವುದಕ್ಕೆ ಮೂರು ವರ್ಷ ಮೊದಲೇ ಅವನ ಕೆಲಸ ಅಲ್ಲಿ ನಡೆಯುತ್ತಿತ್ತು. ಒಳ್ಳೆಯ ಗಾಳಿಯ ಹಕ್ಕು ಹೊಸದಾಗಿ ಬಂದವನಿಗೂ ಉಂಟೆಂದು ಹೇಳಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ೧೮೭೯ರ ಇನ್ನೊಂದು ಮೊಕದ್ದಮೆ ಇನ್ನೂ ವಿಚಿತ್ರವಾದುದು. ಲಂಡನ್ನಿನ ಮಿಠಾಯಿಗಾರನೊಬ್ಬನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಒರಳಿನಲ್ಲಿ ಸಾಮಾನು ಕುಟ್ಟುತ್ತಿದ್ದನು. ನೆರೆಯ ವೈದ್ಯನು ತನ್ನ ಹಿತ್ತಿಲ ಕೊನೆಯಲ್ಲಿ ರೋಗಿಗಳನ್ನು ನೋಡುವ ಕೋಣೆಯನ್ನು ಕಟ್ಟಿದ ಮೇಲೆ, ಆ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳಿಸುವುದಿಲ್ಲವೆಂದು ದೂರಿದನು. ಇಪ್ಪತ್ತು ವರ್ಷದ ರೂಢಿ ತನ್ನದೆಂದನು ಮಿಠಾಯಿಗಾರ. ಸದ್ದು ಯಾರಿಗೂ ತೊಂದರೆಯಾಗದೆ ಇದ್ದ ವರ್ಷಗಳು ಲೆಕ್ಕಕ್ಕೆ ಬಾರವು ಎಂದಿತು ನ್ಯಾಯಾಲಯ. ಲೆಕ್ಕ ಹಿಡಿಯಬೇಕಾದುದು ತೊಂದರೆಪಡುವ ಕಿವಿ ಅಲ್ಲಿಗೆ ಬಂದ ದಿನದಿಂದ! ಭಾರತದ ನ್ಯಾಯಾಲಯಗಳು ಉಪದ್ರವದ ವಿಷಯದಲ್ಲಿ ಇಂಗ್ಲೆಂಡಿನ ಇಂಥ ತೀರ್ಪುಗಳ ದಾರಿಯನ್ನೇ ಬಹುಮಟ್ಟಿಗೆ ಹಿಡಿದು ಬಂದಿವೆ. ಅಜ್ಜನ ಮೂರು ತಲೆಮಾರಿನ ಲೆಕ್ಕಕ್ಕೆ ಇಲ್ಲಿ ಎಷ್ಟು ಬೆಲೆ ದೊರೆಯಬಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತರ್ಕದಿಂದ ರೈತನಿಗೆ ಅನ್ಯಾಯವಾಗುವುದೆಂದು ಮೊದಲು ಗಟ್ಟಿಯಾಗಿ ಹೇಳಿದ ನಾಡುಗಳಲ್ಲಿ ಅಮೆರಿಕ ಒಂದು. ಅರಿಜೋನದ ಫೀನಿಕ್ಸ್ ನಗರದ ಹೊರಗೆ ಸ್ಪರ್ ಎಂಬ ಸಂಸ್ಥೆಯ ದನದ ದೊಡ್ಡಿ ಇತ್ತು. ಅಲ್ಲಿ ದನಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತ್ತು. ಡೆಲ್ ವೆಬ್ ಎಂಬವರು ನಿವೃತ್ತರಿಗಾಗಿ ‘ಸನ್ ಸಿಟಿ’ ಎಂಬ ಹೊಸ ಊರನ್ನು ಕಟ್ಟುತ್ತ ಕಟ್ಟುತ್ತ ಆ ದೊಡ್ಡಿಯ ಬಳಿಗೆ ಬಂದರು; ಬಂದ ಮೇಲೆ ನಾತವೆಂದು ದಾವೆ ಹೂಡಿದರು. ೧೯೭೨ರಲ್ಲಿ ಅರಿಜೋನದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಜಾಣತನದ್ದು. ಜನರ ಆರೋಗ್ಯಕ್ಕಾಗಿ ದೊಡ್ಡಿಯು ಅಲ್ಲಿಂದ ಹೋಗಲೇಬೇಕು. ಆದರೆ ಜನರನ್ನು ಅಲ್ಲಿಗೆ ಕರೆತಂದವರು ಡೆಲ್ ವೆಬ್ ಆದುದರಿಂದ ದೊಡ್ಡಿ ಹೋಗುವ ಖರ್ಚನ್ನು ಅವರೇ ಕೊಡಬೇಕು. ಮನೆ ಕೊಂಡವರನ್ನೂ ದನ ಸಾಕಿದವರನ್ನೂ ಪರಸ್ಪರ ಎದುರಿಗೆ ನಿಲ್ಲಿಸಿ, ಇಬ್ಬರ ನಡುವೆ ಲಾಭ ಪಡೆದು ದೂರ ಸರಿದವನೊಬ್ಬನಿದ್ದಾನೆಂಬುದನ್ನು ಆ ನ್ಯಾಯಾಲಯ ಮರೆಯಲಿಲ್ಲ. ಮಂಗಳೂರಿನ ಜಗಳಗಳಲ್ಲಿ ಹಸುರು ಗದ್ದೆಯ ಚಿತ್ರ ತೋರಿಸಿ ಮನೆ ಮಾರಿದವನನ್ನು ಯಾರೂ ಕರೆದು ಕೇಳುವುದಿಲ್ಲ.

ಅದರ ಬಳಿಕ ಅಮೆರಿಕದ ಐವತ್ತು ರಾಜ್ಯಗಳಲ್ಲಿಯೂ ‘ಬೇಸಾಯದ ಹಕ್ಕಿನ’ ಕಾನೂನುಗಳು ಬಂದಿವೆ. ರಾಜ್ಯದಿಂದ ರಾಜ್ಯಕ್ಕೆ ಅವುಗಳ ಮಾತು ಬೇರೆ. ಸ್ಥೂಲವಾಗಿ, ಮೊದಲಿನಿಂದ ಕ್ರಮವಾಗಿ ನಡೆದುಬಂದ ಬೇಸಾಯವನ್ನು ಆಮೇಲೆ ಬಂದ ನೆರೆಯವನು ಉಪದ್ರವವೆಂದು ನಿಲ್ಲಿಸಲಾಗದು. ಆದರೆ ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ. ಉತ್ತರ ಕೆರೊಲಿನದಲ್ಲಿ ಸಾವಿರಗಟ್ಟಲೆ ಹಂದಿಗಳನ್ನು ಕೂಡಿಹಾಕಿ, ಅವುಗಳ ಹೊಲಸನ್ನು ಕೆರೆಯಂಥ ಗುಂಡಿಗಳಲ್ಲಿ ನಿಲ್ಲಿಸುವ ದೊಡ್ಡ ಉದ್ಯಮಗಳಿವೆ. ತಲೆಮಾರುಗಳಿಂದ ಅಲ್ಲಿದ್ದ ಬಡ ನೆರೆಯವರು ನ್ಯಾಯಾಲಯಕ್ಕೆ ಹೋಗಿ ೨೦೧೮ರಲ್ಲಿ ಗೆದ್ದರು. ಶಾಸನಸಭೆಯು ಅಂಥ ದಾವೆಗಳ ದಾರಿಯನ್ನೇ ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕಿರಿದುಗೊಳಿಸಿತು. ಮೂರು ದನಗಳ ಹಟ್ಟಿಯನ್ನು ಕಾಯಲೆಂದು ಎತ್ತಿದ ಕೊಡೆಯ ಕೆಳಗೆ ಕಾರ್ಖಾನೆಯೂ ಬಂದು ನಿಂತರೆ ಹೀಗಾಗುತ್ತದೆ.

ಫ್ರಾನ್ಸಿನ ಕಥೆ ಇಷ್ಟು ಕಹಿಯಲ್ಲ. ಒಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜವೊಂದಿತ್ತು. ರಜೆಯಲ್ಲಿ ಬಂದಿರಲು ಅಲ್ಲಿ ಮನೆ ಕೊಂಡಿದ್ದ ದಂಪತಿಗಳು ಅದರ ಕೂಗಿನ ಮೇಲೆ ದಾವೆ ಹೂಡಿದರು. ೨೦೧೯ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಹುಂಜದ ಪಕ್ಷವನ್ನು ಎತ್ತಿಹಿಡಿಯಿತು. ಮರುವರ್ಷ ಮೋರಿಸ್ ಸತ್ತುಹೋಯಿತು. ಆದರೆ ೨೦೨೧ರ ಜನವರಿಯಲ್ಲಿ ಹಳ್ಳಿಗಾಡಿನ ಸದ್ದುಗಳನ್ನೂ ವಾಸನೆಗಳನ್ನೂ ನಾಡಿನ ಪರಂಪರೆಯ ಭಾಗವೆಂದು ಒಪ್ಪುವ ಕಾನೂನನ್ನು ಫ್ರಾನ್ಸ್ ಮಾಡಿತು. ಮೊದಲೇ ಇದ್ದು ನಿಯಮದಂತೆ ನಡೆಯುವ ಕೆಲಸದ ಮೇಲೆ ಆಮೇಲೆ ಬಂದವರು ದೂರುವುದನ್ನು ೨೦೨೪ರ ಏಪ್ರಿಲಿನ ಇನ್ನೊಂದು ಕಾನೂನು ತಡೆಯಿತು. ಅಜ್ಜನ ಮೊಮ್ಮಗಳು ಈ ಸುದ್ದಿಯನ್ನು ಓದಿ ಹೇಳಿದಾಗ ಅವರಿಗೆ ಆ ಹುಂಜದ ಮೇಲೆ ವಿಶೇಷ ಗೌರವ ಹುಟ್ಟಿತು.

ಭಾರತದಲ್ಲಾಗಲಿ ಕರ್ನಾಟಕದಲ್ಲಾಗಲಿ ಅಂಥ ಕಾನೂನು ಇಲ್ಲ. ಹಾಗಾದರೆ ಉಪದ್ರವವು ಯಾವಾಗಲೂ ಹಟ್ಟಿಯಿಂದ ಮಹಡಿಗೆ ಮಾತ್ರ ಹರಿಯುತ್ತದೆಯೆ? ಮಂಗಳೂರಿನವರೇ ಇದಕ್ಕೆ ಉತ್ತರ ಹೇಳಬಲ್ಲರು. ಬೈಲು ಎಂದರೆ ಮಳೆಯ ನೀರು ಹುಣಿಗಳ ನಡುವೆ ನಿಂತು, ಮೆಲ್ಲನೆ ನೆಲಕ್ಕಿಳಿದು, ಮಿಕ್ಕುದು ತೋಡಿನ ದಾರಿ ಹಿಡಿಯುವ ತಾಣ. ಅದನ್ನು ಮಣ್ಣು ತುಂಬಿ ಎತ್ತರಿಸಿದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ. ೨೦೧೮ರ ಮೇ ೨೯ರಂದು ಸುರಿದ ಮಳೆಗೆ ಕೊಟ್ಟಾರ ಚೌಕಿಯಂಥ ತಗ್ಗುಗಳು ಕೆರೆಗಳಾದವು. ಮನೆಗಳಿಗೆ ನೀರು ಹೊಕ್ಕಿತು, ವಾಹನಗಳು ತೇಲಿದವು. ಅಜ್ಜನ ಗದ್ದೆಯಲ್ಲಿ ಆಗ ಮೂರು ದಿನ ನೀರು ನಿಂತಿತು, ಬಾವಿಯ ನೀರು ಕೆಟ್ಟಿತು. ಅವರು ಯಾರ ಮೇಲೂ ಅರ್ಜಿ ಬರೆಯಲಿಲ್ಲ. ಮಳೆಯ ಮೇಲೆ ಬರೆಯುವುದೆಂತು ಎಂದು ಸುಮ್ಮನಾದರು.

ಇದಕ್ಕಿಂತ ಘೋರವಾದುದು ಮರುವರ್ಷ ಪಚ್ಚನಾಡಿಯಲ್ಲಿ ನಡೆಯಿತು. ನಗರದ ಕಸವನ್ನೆಲ್ಲ ಹತ್ತಾರು ವರ್ಷಗಳಿಂದ ಅಲ್ಲಿ ರಾಶಿ ಹಾಕುತ್ತ ಬಂದಿದ್ದರು. ೨೦೧೯ರ ಆಗಸ್ಟಿನ ಮಳೆಗೆ ಆ ರಾಶಿ ಕುಸಿದು, ಕೆಳಗಿನ ಮಂದಾರ ಎಂಬ ಊರಿನ ಕಡೆಗೆ ಜಾರಿತು. ಒಂದು ರಾತ್ರಿಯಲ್ಲಿ ಮುಗಿದುಹೋದ ಅನಾಹುತ ಅದಲ್ಲ; ದಿನದಿಂದ ದಿನಕ್ಕೆ ಕಸವು ತೆವಳುತ್ತ ಮುಂದೆ ಬಂತು. ಅಡಕೆಯ ಮರಗಳನ್ನು ತಳ್ಳಿತು, ತೆಂಗಿನ ಬುಡಗಳನ್ನು ಮುಚ್ಚಿತು, ಅಂಗಳಗಳನ್ನು ಹೊಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಕೊಳೆನೀರು ತೋಡನ್ನು ಸೇರಿ ಫಲ್ಗುಣಿ ನದಿಯ ಕಡೆಗೆ ಹರಿಯಿತು. ಮಾತು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ತಲೆಮಾರುಗಳಿಂದ ತೋಟ ಮಾಡಿಕೊಂಡಿದ್ದವರ ಅಂಗಳದಲ್ಲಿ ಬಿದ್ದಿದ್ದುದು ಯಾರದೋ ಊಟದ ಎಂಜಲು, ಯಾರದೋ ಹಾಲಿನ ಖಾಲಿ ತೊಟ್ಟೆ, ಯಾರದೋ ಗೃಹಪ್ರವೇಶದ ಬಾಡಿದ ಹೂವಿನ ಹಾರ. ದೇರೆಬೈಲಿನ ಹಟ್ಟಿಯ ಗೊಬ್ಬರ ಮಾತ್ರ ಅಲ್ಲಿರಲಿಲ್ಲ. ಅದು ಅಜ್ಜನ ಗದ್ದೆಯಲ್ಲಿ ಬತ್ತವಾಗುತ್ತಿತ್ತು.

ಉಪದ್ರವದ ಅದೇ ೧೩೩ನೆಯ ಪ್ರಕರಣವು ಬಡವನ ವಿರುದ್ಧ ಮಾತ್ರ ನಡೆಯುವ ಆಯುಧವಲ್ಲ. ಮಧ್ಯಪ್ರದೇಶದ ರತ್ಲಾಮಿನಲ್ಲಿ ತೆರೆದ ಚರಂಡಿಗಳ ಕೊಳಕಿನಿಂದ ಬೇಸತ್ತ ನಿವಾಸಿಗಳು ಅದೇ ಪ್ರಕರಣವನ್ನು ಹಿಡಿದು ತಮ್ಮ ಪುರಸಭೆಯನ್ನೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಚರಂಡಿ ಕಟ್ಟಿಸಲು ಹಣವಿಲ್ಲವೆಂದು ಪುರಸಭೆ ಹೇಳಿತು. ೧೯೮೦ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನೆಪವನ್ನು ಒಪ್ಪಲಿಲ್ಲ. ಕಾನೂನಿಗೆ ಮೂಗು ಒಂದೇ ಕಡೆಗೆ ಇಲ್ಲ. ಅದನ್ನು ತಿರುಗಿಸಲು ತಿಳಿದವರು ಬೇಕು, ಬಿಡುವಿರುವವರು ಬೇಕು. ಮೂರು ದನಗಳನ್ನು ಬೆಳಗಿನ ಜಾವದಿಂದ ನೋಡಿಕೊಳ್ಳುವವನಿಗೆ ಆ ಬಿಡುವು ಎಲ್ಲಿಂದ?

ಅಜ್ಜನ ಮಗ ದುಬಾಯಿಯಿಂದ ದೂರವಾಣಿಯಲ್ಲಿ ಮಾತನಾಡಿದನು. ಸೆಂಟ್ಸಿಗೆ ಇಂದು ಎಷ್ಟು ಲಕ್ಷ ಬರುತ್ತದೆಂದು ಲೆಕ್ಕ ಹೇಳಿದನು. ಭೂಪರಿವರ್ತನೆಗೆ ಅರ್ಜಿ ಹಾಕಿದರೆ ಆಯಿತು, ಇನ್ನು ಯಾಕೆ ಈ ಕಷ್ಟ ಎಂದನು. ಅವನು ಹೇಳಿದುದರಲ್ಲಿ ಲೆಕ್ಕದ ತಪ್ಪಿರಲಿಲ್ಲ. ಅಜ್ಜ “ನೋಡುವ ಮಗಾ” ಎಂದಷ್ಟೇ ಹೇಳಿ ಹಟ್ಟಿಗೆ ಹೋದರು.

ನಗರಪಾಲಿಕೆಯ ಆರೋಗ್ಯಾಧಿಕಾರಿಯೊಬ್ಬರು ಬಂದು ನೋಡಿದರು. ಅವರು ಹಳ್ಳಿಯ ಮನೆಯವರೇ ಇರಬೇಕು. ಹಟ್ಟಿಯೊಳಗೆ ಹೋಗಲು ಮೂಗು ಮುಚ್ಚಿಕೊಳ್ಳಲಿಲ್ಲ. ಗೊಬ್ಬರದ ಗುಂಡಿಯು ಕಟ್ಟಡದ ಗೋಡೆಗೆ ತೀರ ಹತ್ತಿರವಿದೆ, ಅದನ್ನು ಗದ್ದೆಯ ಆಚೆಯ ಮೂಲೆಗೆ ಒಯ್ದು ಮುಚ್ಚಳ ಹಾಕಿಸಬೇಕು ಎಂದು ಬರೆದುಕೊಟ್ಟರು. ಖರ್ಚು ಅಜ್ಜನದೇ. ಅರ್ಜಿ ಬರೆದಾಕೆ ಆ ದಿನ ಮಗುವನ್ನು ಎತ್ತಿಕೊಂಡು ಕೆಳಗಿಳಿದು ಬಂದಿದ್ದಳು. ಬೇಲಿಯ ಈಚೆಗೆ ಅಜ್ಜ, ಆಚೆಗೆ ಆಕೆ. ಒಂದೂವರೆ ವರ್ಷದಲ್ಲಿ ಅವರಿಬ್ಬರು ಮುಖ ನೋಡಿ ಮಾತನಾಡಿದುದು ಅದೇ ಮೊದಲು.

“ಗುಂಡಿ ಬಗೆಯುವ ದಿನ ಒಂದು ಮಾತು ಹೇಳಿ ಅಜ್ಜ. ಆ ದಿನ ಮಗುವನ್ನು ಅಮ್ಮನ ಮನೆಗೆ ಕರೆದುಕೊಂಡು ಹೋಗುತ್ತೇನೆ.”

“ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ಲ ಮಗಳೇ. ಮಗುವಿಗೆ ಉಬ್ಬಸ ಇರುವುದು ನನಗೆ ಹೇಗೆ ಗೊತ್ತಾಗಬೇಕು?”

ಗುಂಡಿ ಸರಿಯಿತು. ಮೂರು ದನಗಳಲ್ಲಿ ಒಂದನ್ನು ಅಜ್ಜ ಮಾರಿದರು. ಗುಂಡಿಯ ಖರ್ಚಿಗೆಂದು ಕೆಲವರು, ಮೈಯಲ್ಲಿ ಆಗದೆಂದು ಕೆಲವರು. ಅವರು ಮಾತ್ರ ಕಾರಣ ಹೇಳಲಿಲ್ಲ. ಉಳಿದ ಎರಡರಲ್ಲಿ ಒಂದು ದೀಪಾವಳಿಯ ಹೊತ್ತಿಗೆ ಕರು ಹಾಕಿತು.

ಮಾಘ ಮಾಸದ ಒಂದು ಸಂಜೆ ಅದೇ ಕಟ್ಟಡಕ್ಕೆ ಹೊಸದಾಗಿ ಬರಲಿದ್ದ ಗೃಹಸ್ಥರೊಬ್ಬರು ಹಟ್ಟಿಯ ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿಯನ್ನು ಹೊರಗೆ ಬಿಟ್ಟು, ಕೈಮುಗಿದು, ಗೃಹಪ್ರವೇಶಕ್ಕೆ ಕರುವಿನೊಡನೆ ದನ ಬೇಕಾಗಿತ್ತೆಂದು ಕೇಳಿದರು.

“ಎಷ್ಟನೆಯ ಮಹಡಿ?”

“ಆರನೆಯದು.”

“ಹಾಗಾದರೆ ಕೆಳಗೇ ಆಗಬೇಕಷ್ಟೆ. ಎಷ್ಟು ಗಂಟೆಗೆ?”

“ಮುಹೂರ್ತ ಸ್ವಲ್ಪ ಬೇಗ ಇದೆ ಅಜ್ಜ, ನಾಲ್ಕೂವರೆಗೆ. ನಾಲ್ಕಕ್ಕೇ ಕರೆತಂದರೆ ಒಳ್ಳೆಯದಿತ್ತು.”

ಅಜ್ಜ ಒಂದು ಕ್ಷಣ ಮೇಲಿನ ಕಿಟಕಿಗಳ ಕಡೆಗೆ ನೋಡಿದರು.

“ಆ ಹೊತ್ತಿಗೆ ಅದು ಕೂಗುತ್ತದೆ ಸ್ವಾಮಿ.”

“ಕೂಗಲಿ ಅಜ್ಜ, ಒಳ್ಳೆಯದೇ ಆಯಿತು.”

ಅಜ್ಜ ಏನೂ ಹೇಳದೆ ಒಳಗೆ ಹೋಗಿ, ಕರುವಿಗೆ ಹೊಸ ಹಗ್ಗ ಎಲ್ಲಿದೆಯೆಂದು ಮೊಮ್ಮಗಳನ್ನು ಕೂಗಿ ಕೇಳಿದರು.